ಸಂತೆಯಲ್ಲಿ ಸರಸ್ವತಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಈ ಎರಡು ಕಾರ್ಯಗಳನ್ನೂ ಒಂದೇ ಹೊತ್ತಿನಲ್ಲಿ, ಅದೂ ಅಲ್ಪ ವೆಚ್ಚದಲ್ಲಿ, ಸಾಧಿಸಬೇಕೆನ್ನುವವನಿಗೆ ಊರೂರ ಸಂತೆಗಳಲ್ಲಿ ಹಳೆಯ ಪುಸ್ತಕಗಳನ್ನು ಹುಡುಕುವದಕ್ಕಿಂತ ಉತ್ತಮವಾದ ಮಾರ್ಗವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯವು. ಇದೊಂದು ಬಗೆಯ ಬೇಟೆ. ಆದರೆ ಈ ಬೇಟೆಯಲ್ಲಿ ಯಾವ ಜೀವಕ್ಕೂ ಅಪಾಯವಿಲ್ಲ. ಸಾಯಲಿದ್ದ ಜೀವವೊಂದು ಉಳಿಯುವ ಸಂಭವವೇ ಹೆಚ್ಚು. ಬೇಟೆಗಾರನಿಗೆ ಬೇಕಾದ ಸಾಮಗ್ರಿಯಾದರೂ ಏನು? ಒಂದು ಕೈಚೀಲ, ಧೂಳಿಗೆ ಅಂಜದ ಮೂಗು, ಬಿಸಿಲಿಗೆ ಅಂಜದ ತಲೆ, ಮತ್ತು ಮನೆಗೆ ಮರಳಿದ ಮೇಲೆ ಮನೆಯವರ ಮಾತನ್ನು ಕೇಳಿಕೊಳ್ಳುವಷ್ಟು ತಾಳ್ಮೆ. "ಈ ಮನಿಯೊಳಗ ನಾವು ಇರಬೇಕೋ, ನಿಮ್ಮ ರದ್ದಿ ಇರಬೇಕೋ, ಒಂದು ಹೇಳಿಬಿಡ್ರಿ" ಎಂಬ ಪ್ರಶ್ನೆಯನ್ನು ನಾನು ಇಪ್ಪತ್ತು ವರುಷಗಳಿಂದ ಕೇಳುತ್ತಲಿರುವೆನು. ಉತ್ತರವು ಇನ್ನೂ ಹೊಳೆದಿಲ್ಲ.

ಪುಸ್ತಕದ ಬೀದಿಯೆಂದರೆ ಜನರು ದೊಡ್ಡ ದೊಡ್ಡ ನಗರಗಳನ್ನು ನೆನೆಯುವರು. ಪ್ಯಾರಿಸ್ ಪಟ್ಟಣದಲ್ಲಿ ಸೇನ್ ನದಿಯ ದಂಡೆಗುಂಟ ಹಸಿರು ಬಣ್ಣದ ಪೆಟ್ಟಿಗೆಗಳಲ್ಲಿ ಹಳೆಯ ಪುಸ್ತಕಗಳನ್ನು ಮಾರುವ ಪದ್ಧತಿಯು ಶತಮಾನಗಳಿಂದ ನಡೆದು ಬಂದಿದೆ. 2024ರ ಒಲಿಂಪಿಕ್ ಪಂದ್ಯಗಳಿಗಾಗಿ ಆ ಪೆಟ್ಟಿಗೆಗಳನ್ನು ತಾತ್ಪೂರ್ತಿಕವಾಗಿ ತೆಗೆಯಿಸಬೇಕೆಂದು ಅಲ್ಲಿಯ ಅಧಿಕಾರಿಗಳು ಯೋಚಿಸಿದಾಗ ಜನರಿಂದ ಎಷ್ಟು ವಿರೋಧವು ಬಂದಿತೆಂದರೆ, ಕಡೆಗೆ ಆ ಯೋಚನೆಯನ್ನೇ ಕೈಬಿಡಬೇಕಾಯಿತು. ನಮ್ಮ ದಿಲ್ಲಿಯ ದರಿಯಾಗಂಜಿನ ಆದಿತ್ಯವಾರದ ಪುಸ್ತಕ ಬಾಜಾರಕ್ಕೆ ಆ ಭಾಗ್ಯವಿರಲಿಲ್ಲ. 2019ರಲ್ಲಿ ಅದು ನ್ಯಾಯಾಲಯದ ಆಜ್ಞೆಯಂತೆ ಪಾದಚಾರಿ ಮಾರ್ಗವನ್ನು ಬಿಟ್ಟು, ಗೋಡೆಯೊಳಗಿನ ಮಹಿಳಾ ಹಾಟಕ್ಕೆ ಹೋಗಬೇಕಾಯಿತು. ಕಲಕತ್ತೆಯ ಕಾಲೇಜ ಸ್ಟ್ರೀಟ, ಮುಂಬಯಿಯ ಫ್ಲೋರಾ ಫೌಂಟನ್, ಬೆಂಗಳೂರಿನ ಅವೆನ್ಯೂ ರಸ್ತೆ—ಇವುಗಳ ಕೀರ್ತಿಯನ್ನು ಬಲ್ಲವರು ಬಲ್ಲರು.

ಆದರೆ ನಾನು ಹೇಳಹೊರಟಿದ್ದು ಆ ಕೀರ್ತಿವಂತ ಬೀದಿಗಳ ಮಾತಲ್ಲ. ಘಟಪ್ರಭೆಯ ನೀರು ಕುಡಿದ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮಾತು. ಇಲ್ಲಿ ಪುಸ್ತಕದ ಬೀದಿ ಎಂಬುದಿಲ್ಲ. ಸಂತೆಯ ಒಂದು ಮೂಲೆಯಲ್ಲಿ, ಹಳೆಯ ಕಬ್ಬಿಣ, ಒಡೆದ ಕಂದೀಲು, ತುಕ್ಕು ಹಿಡಿದ ಕೀಲಿಕೈಗಳ ನಡುವೆ, ಗೋಣಿತಟ್ಟಿನ ಮೇಲೆ ಒಂದು ರದ್ದಿಯ ರಾಶಿ ಇರುವದು, ಅಷ್ಟೇ. ಆ ರಾಶಿಯೊಳಗೆ ಹತ್ತರಲ್ಲಿ ಒಂಬತ್ತು ಪಾಲು ಹೋದ ವರ್ಷದ ಗೈಡುಗಳು, ಬರೆದು ಮುಗಿದ ವಹಿಗಳು, ಬ್ಯಾಂಕಿನ ಕ್ಯಾಲೆಂಡರುಗಳು. ಉಳಿದ ಒಂದು ಪಾಲಿಗಾಗಿಯೇ ನಮ್ಮ ಸಾಹಸವೆಲ್ಲ.

ಆ ಒಂದು ಪಾಲು ಎಂಥದೆಂದು ಕೇಳುವಿರಾ? ಮೊದಲು ಗೋಕಾಕವನ್ನೇ ನೋಡಿರಿ. ಹೊರಗಿನವರಿಗೆ ಈ ಊರು ಜಲಪಾತಕ್ಕಾಗಿ, ಕರದಂಟಿಗಾಗಿ, ಕಟ್ಟಿಗೆಯ ಬಣ್ಣದ ಹಣ್ಣುಗಳಿಗಾಗಿ ಪ್ರಸಿದ್ಧವು. ಆದರೆ ಕನ್ನಡ ಓದುಗನಿಗೆ ಇದು ಗ್ರಂಥಕರ್ತರ ಸೀಮೆ. ‘ಆನಂದಕಂದ’ರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಜನಿಸಿದ ಬೆಟಗೇರಿಯು ಈ ಸೀಮೆಯದೇ. ಧಾರವಾಡದ ಮನೋಹರ ಗ್ರಂಥಮಾಲೆಯು 1933ರಲ್ಲಿ ಪ್ರಾರಂಭವಾದಾಗ ಅದರ ಮೊದಲ ಕುಸುಮವಾಗಿ ಹೊರಬಿದ್ದುದು ಅವರ ‘ಸುದರ್ಶನ’ ಕಾದಂಬರಿಯು. ಬಸವರಾಜ ಕಟ್ಟೀಮನಿಯವರು 1919ರಲ್ಲಿ ಇದೇ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದರು. ಪತ್ರಕರ್ತರಾಗಿ ದುಡಿದು, ಸ್ವಾತಂತ್ರ್ಯದ ಹೋರಾಟವನ್ನು ‘ಮಾಡಿ ಮಡಿದವರು’ ಕಾದಂಬರಿಯಲ್ಲಿ ಚಿತ್ರಿಸಿದರು. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳನ್ನು ಒಂದು ಕಾಲಕ್ಕೆ ಓದದ ಮನೆಯಿರಲಿಲ್ಲ. ಅವರ ‘ಕುಲವಧು’ವು 1963ರಲ್ಲಿ ಚಿತ್ರಪಟವಾಗಿಯೂ ಬಂದಿತು. ಇಂಥವರ ಪುಸ್ತಕಗಳು ಮೊದಲ ಮುದ್ರಣದ ಬಟ್ಟೆಯಲ್ಲಿಯೇ, ಅಂದರೆ ಆ ಕಾಲದ ಮುಖಚಿತ್ರ, ಆ ಕಾಲದ ಜಾಹೀರಾತು, ಆ ಕಾಲದ ಎರಡು ರೂಪಾಯಿಯ ಬೆಲೆ ಇವುಗಳೊಡನೆ, ತಮ್ಮ ತವರೂರಿನ ಧೂಳಿನಲ್ಲಿ ಕೈಗೆ ಸಿಕ್ಕಾಗ ಆಗುವ ಹರ್ಷವು ಹೊಸ ಅಂಗಡಿಯಲ್ಲಿ ಸಾವಿರ ರೂಪಾಯಿ ಕೊಟ್ಟರೂ ಸಿಗಲಾರದು. ‘ಸುದರ್ಶನ’ದ ಮೊದಲ ಮುದ್ರಣವು ಮಾತ್ರ ನನಗೆ ಇದುವರೆಗೆ ದೊರೆತಿಲ್ಲ. ದೊರೆಯದಿದ್ದುದು ಒಳ್ಳೆಯದೇ. ಮುಂದಿನ ಸಂತೆಗೆ ಹೋಗಲು ಅದೇ ನೆವವು.

ಮತ್ತೊಂದು ವಿಶೇಷವನ್ನು ಇಲ್ಲಿ ಹೇಳಬೇಕು. 1956ರ ನವೆಂಬರ 1ರ ವರೆಗೆ ಈ ಊರುಗಳೆಲ್ಲ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆದುದರಿಂದ ಇಲ್ಲಿಯ ರಾಶಿಯಲ್ಲಿ ಕನ್ನಡದ ಪಕ್ಕಕ್ಕೆ ಮರಾಠಿಯೂ, ಅದರ ಮೇಲೆ ಇಂಗ್ಲಿಷೂ ಮಲಗಿರುವವು. ಡೆಪ್ಯುಟಿ ಚೆನ್ನಬಸಪ್ಪನವರಂಥ ಮಹನೀಯರು ಕಳೆದುಹೋದ ಶತಮಾನದ ಹಿಂದಿನ ಶತಮಾನದಲ್ಲಿ ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮದ ಫಲವಾಗಿ ಬಂದ ಪಾಠಪುಸ್ತಕಗಳು, ಗಳಗನಾಥರು ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಿಸಿ ಕೊಟ್ಟ ಗ್ರಂಥಗಳು, ಗಿರಣಿಯಲ್ಲಿ ದುಡಿದ ಯಾರೋ ಓದಿದ ಇಂಗ್ಲಿಷ್ ಯಂತ್ರಶಾಸ್ತ್ರದ ಕೈಪಿಡಿ—ಹೀಗೆ ಒಂದೊಂದು ಚೀಲವೂ ಈ ಸೀಮೆಯ ಒಂದೊಂದು ಇತಿಹಾಸದ ಪುಟವು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂಬ ಮಾತು ನಮ್ಮ ಕಡೆ ಮನೆಮಾತಾಗಿದೆ. ಹಾಗೆ ಅವರು ಹೊತ್ತು ತಂದ ಪುಸ್ತಕವೇ ಇದೀಗ ನನ್ನ ಕೈಯಲ್ಲಿರಬಹುದೇ ಎಂದು ಯೋಚಿಸುವದರಲ್ಲಿಯೂ ಒಂದು ಸುಖವಿದೆ.

ಮೂಡಲಗಿಯ ಬೇಟೆಯ ಬಗೆಯೇ ಬೇರೆ. ಗೋಕಾಕದಿಂದ ಬೇರ್ಪಟ್ಟು ಈಚೆಗೆ ಸ್ವತಂತ್ರ ತಾಲೂಕಾದ ಈ ಊರು ಶಿವಬೋಧರಂಗ ಮಠದಿಂದ ಪ್ರಸಿದ್ಧವು. ಇದರ ಸುತ್ತಣ ಹಳ್ಳಿಗಳು ಬಯಲಾಟದ ಬೀಡು. ಶ್ರೀಕೃಷ್ಣ ಪಾರಿಜಾತಕ್ಕೆ ಇಂದಿನ ರೂಪವನ್ನು ಕೊಟ್ಟ ತಮ್ಮಣ್ಣನ ಕುಲಗೋಡವು ಇಲ್ಲಿಯದೇ. ಆ ಆಟವನ್ನು ನಾಡಿನ ತುಂಬ ಮೆರೆಸಿದ ಕೌಜಲಗಿ ನಿಂಗಮ್ಮನವರ ಊರೂ ಇಲ್ಲಿಂದ ದೂರವಲ್ಲ. ಆದುದರಿಂದ ಇಲ್ಲಿಯ ಸಂತೆ ಜಾತ್ರೆಗಳಲ್ಲಿ ಕಾದಂಬರಿಗಿಂತ ಹೆಚ್ಚಾಗಿ ಪಾರಿಜಾತದ ಪ್ರತಿಗಳು, ಸಣ್ಣಾಟದ ಪುಸ್ತಕಗಳು, ಭಜನೆಯ ಪದಗಳು, ಪುರಾಣಗಳು, ಪಂಚಾಂಗಗಳು ಕಾಣುವವು. ಅಗ್ಗದ ಕಾಗದ, ದಪ್ಪ ಅಕ್ಷರ, ಬಣ್ಣ ಮಾಸಿದ ಹೊದಿಕೆ. ಪಂಡಿತರು ಇವುಗಳನ್ನು ಕಣ್ಣೆತ್ತಿ ನೋಡರು. ಆದರೆ ಹಳ್ಳಿಯ ಆಟದ ಮಾಸ್ತರನು ಇವುಗಳ ಅಂಚಿನಲ್ಲಿ ಸೀಸಕಡ್ಡಿಯಿಂದ ಬರೆದಿಟ್ಟ ಟಿಪ್ಪಣಿಗಳನ್ನು ನೋಡಿರಿ: ಎಲ್ಲಿ ಮೇಳದವರು ಎತ್ತಿಕೊಳ್ಳಬೇಕು, ಯಾವ ಪದವನ್ನು ಬಿಡಬೇಕು, ಯಾರು ಯಾವ ವೇಷ ಕಟ್ಟಬೇಕು. ಮುದ್ರಿತ ಪುಸ್ತಕಗಳು ಸಾವಿರ ಇರಬಹುದು. ಆ ಟಿಪ್ಪಣಿಗಳುಳ್ಳ ಪ್ರತಿಯು ಜಗತ್ತಿನಲ್ಲಿ ಒಂದೇ. ಅದು ಭಜಿಯ ಎಣ್ಣೆಯನ್ನು ಹೀರಿಕೊಂಡು ಗಟಾರವನ್ನು ಸೇರಿದರೆ ಆ ಆಟದ ನಡೆಯೂ ಅದರೊಡನೆಯೇ ಹೋದಂತಾಯಿತು.

ಇನ್ನು ಹುಕ್ಕೇರಿ. ಆದಿಲಶಾಹಿ ಕಾಲದ ಗುಮ್ಮಟಗಳನ್ನುಳ್ಳ ಈ ಹಳೆಯ ಊರಿನ ತಾಲೂಕಿನಲ್ಲಿಯೇ ಘೋಡಗೇರಿಯಿದೆ. 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಚಂದ್ರಶೇಖರ ಕಂಬಾರರು ಅಲ್ಲಿ 1937ರಲ್ಲಿ ಜನಿಸಿದರು. ಬಡತನದಿಂದ ಓದು ನಿಲ್ಲುವಂತಾದಾಗ ಸಾವಳಗಿ ಮಠದ ಸ್ವಾಮಿಗಳ ಆಶ್ರಯದಿಂದ ಅವರು ಗೋಕಾಕದಲ್ಲಿ ವ್ಯಾಸಂಗವನ್ನು ಮುಂದುವರಿಸಿದರೆಂಬುದು ಸರ್ವವಿದಿತವು. ಹಳ್ಳಿಯ ಹುಡುಗನೊಬ್ಬನ ಕೈಗೆ ಸಕಾಲದಲ್ಲಿ ಪುಸ್ತಕವು ಸಿಗುವದೆಂದರೆ ಏನೆಂಬುದನ್ನು ಅರಿಯಲು ಈ ಸೀಮೆಯ ಜನರು ದೂರ ಹೋಗಬೇಕಾದುದಿಲ್ಲ.

ಈ ಹುಕ್ಕೇರಿಯ ಸಂತೆಯಲ್ಲಿಯೇ ನನಗೊಂದು ಪ್ರಸಂಗವು ಒದಗಿತು. ಕೆಲವು ವರುಷಗಳ ಹಿಂದಿನ ಮಾತು. ರದ್ದಿಯ ರಾಶಿಯ ಅಡಿಯಲ್ಲಿ, ಗೋಣಿದಾರದಿಂದ ಕೈಯಾರೆ ಹೊಲಿದ ಒಂದು ದಪ್ಪ ಕಟ್ಟು ಸಿಕ್ಕಿತು. ಬಿಚ್ಚಿ ನೋಡಿದರೆ, ಬೆಟಗೇರಿ ಕೃಷ್ಣಶರ್ಮರು 1938ರಿಂದ ಧಾರವಾಡದಲ್ಲಿ ನಡೆಸಿದ ‘ಜಯಂತಿ’ ಮಾಸಪತ್ರಿಕೆಯ ಹನ್ನೆರಡು ಸಂಚಿಕೆಗಳು! ಒಂದೂ ತಪ್ಪಿರಲಿಲ್ಲ. ಎದೆ ಹಾರಿತು, ಆದರೆ ಮೋರೆಯ ಮೇಲೆ ಏನನ್ನೂ ತೋರಗೊಡಲಿಲ್ಲ. ಹಳೆಯ ಬೇಟೆಗಾರರಿಗೆ ಈ ಕಪಟವು ಅಭ್ಯಾಸವಾಗಿರುವದು. ನಡುವೆ ಎರಡು ಗೈಡುಗಳನ್ನಿಟ್ಟು, "ಇವಿಷ್ಟಕ್ಕ ಎಷ್ಟು ಕಾಕಾ?" ಎಂದು ಉದಾಸೀನದಿಂದ ಕೇಳಿದೆನು. ವೃದ್ಧರು ತಕ್ಕಡಿಗೆ ಹಾಕಿ, 30 ರೂಪಾಯಿ ಎಂದರು. ಕೊಟ್ಟು, ಯುದ್ಧ ಗೆದ್ದವನಂತೆ ಬಸ್ಸು ಹತ್ತಿದೆನು.

ಮನೆಯಲ್ಲಿ ಕುಳಿತು ಪುಟ ತಿರುವುವಾಗ ಕಡೆಯ ಸಂಚಿಕೆಯಿಂದ ನಾಲ್ಕು ಮಡಿಕೆಯ ಕಾಗದವೊಂದು ಜಾರಿ ಬಿದ್ದಿತು. ಹಳ್ಳಿಯ ಶಾಲೆಯ ಮಾಸ್ತರರೊಬ್ಬರು ಮಸಿಯಿಂದ ಗೆರೆ ಎಳೆದು ಬರೆದ ಪಟ್ಟಿಯದು. ಎಡಕ್ಕೆ ಪುಸ್ತಕದ ಹೆಸರು, ನಡುವೆ ಒಯ್ದವನ ಹೆಸರು, ಬಲಕ್ಕೆ ‘ಬಂದಿತು’ ಎಂಬ ಗುರುತು. ಒಯ್ದವರಲ್ಲಿ ನೇಕಾರನಿದ್ದನು, ಕುಂಬಾರನಿದ್ದನು, ಟಪಾಲಿನವನಿದ್ದನು. ಇಬ್ಬರು ಹೆಣ್ಣುಮಕ್ಕಳ ಹೆಸರೂ ಇದ್ದವು. ತಿಂಗಳಿಗೆ ಕೆಲವೇ ರೂಪಾಯಿ ಪಗಾರದ ಆ ಮಾಸ್ತರರು ತಮ್ಮ ಸ್ವಂತ ಖರ್ಚಿನಿಂದ ಊರಿಗೊಂದು ವಾಚನಾಲಯವನ್ನು ನಡೆಸಿದ್ದರು. ಒಂದೇ ಒಂದು ಹೆಸರಿನ ಮುಂದೆ ‘ಬಂದಿತು’ ಎಂಬ ಗುರುತಿರಲಿಲ್ಲ. ಅಲ್ಲಿ ಮಾಸ್ತರರು ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಹಾಕಿದ್ದರು.

ಆ ಪಟ್ಟಿಯನ್ನು ನೋಡಿದ ಮೇಲೆ ನನ್ನ ಗೆಲುವು ನನಗೇ ಹಗುರವೆನಿಸಿತು. ಬಲ್ಲವನು ಅರಿಯದವನಿಂದ ತೂಕದ ಬೆಲೆಗೆ ಕೊಂಡುದು ವ್ಯಾಪಾರವಾದರೂ ಧರ್ಮವೆನ್ನಬಹುದೇ? ಮುಂದಿನ ಸಂತೆಗೆ ಹೋಗಿ ವೃದ್ಧರ ಮುಂದೆ 500 ರೂಪಾಯಿಯ ನೋಟನ್ನಿಟ್ಟು ನಡೆದ ಸಂಗತಿಯನ್ನು ಹೇಳಿದೆನು. ಅವರು ನಕ್ಕರು. "ಸಾಹೇಬ್ರ, ಅದು ನಿಮ್ಮ ಕೈಗೆ ಬರದಿದ್ರ ಅವತ್ತ ಸಂಜೀಕ ಭಜಿ ಅಂಗಡಿಗೆ ಹೋಗತಿತ್ರಿ. ನನಗ ಓದಾಕ ಬರೂದಿಲ್ಲ ಖರೆ. ಆದ್ರ ಓದವ್ರು ಯಾರು, ಪುಡಿ ಕಟ್ಟವ್ರು ಯಾರು ಅನ್ನೂದು ಮಾರಿ ನೋಡಿದ್ರ ತಿಳಿತೈತ್ರಿ" ಎಂದರು. ಬಹಳ ಒತ್ತಾಯಿಸಿದ ಮೇಲೆ 200 ರೂಪಾಯಿ ಮಾತ್ರ ಇಟ್ಟುಕೊಂಡರು. ಆ ಕಟ್ಟು ಯಾವ ಮನೆಯಿಂದ ಬಂದಿತೆಂದು ಕೇಳಿದಾಗ, ಹಿರಿಯರು ತೀರಿಕೊಂಡ ಮನೆಯೆಂದೂ, ಮಕ್ಕಳು ಪುಣೆ ಬೆಂಗಳೂರುಗಳಲ್ಲಿರುವರೆಂದೂ, ಮನೆ ಮಾರುವ ಗಡಿಬಿಡಿಯಲ್ಲಿ ಮೂರು ಚಕ್ಕಡಿಯಷ್ಟು ಕಾಗದವನ್ನು ತೂಗಿ ಹಾಕಿದರೆಂದೂ ಹೇಳಿದರು. ಮೂರು ಚಕ್ಕಡಿ! ನನಗೆ ಸಿಕ್ಕುದು ಒಂದು ಕಟ್ಟು. ಉಳಿದುದು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದಿನಿಂದ ಅವರು ಕನ್ನಡ ಪುಸ್ತಕ ಬಂದರೆ ಬೇರೊಂದು ಚೀಲದಲ್ಲಿ ತೆಗೆದಿಡುವರು. ಅದನ್ನು ತೂಗುವದಿಲ್ಲ.

ಹಳೆಯ ಪುಸ್ತಕಗಳ ಬೇಟೆಯು ಕೇವಲ ವಿನೋದವಲ್ಲವೆಂಬ ಅರಿವು ನನಗಾದುದು ಹೀಗೆ. ಈ ಅರಿವನ್ನು ಇಮ್ಮಡಿಗೊಳಿಸಿದುದು 2019ರ ಆಗಸ್ಟಿನ ಮಹಾಪೂರವು. ಘಟಪ್ರಭೆಯು ಉಕ್ಕೇರಿ, ಲೋಳಸೂರ ಸೇತುವೆಯನ್ನು ಮುಳುಗಿಸಿ, ಗೋಕಾಕದ ಬೀದಿಗಳಲ್ಲಿ ಹರಿದಾಡಿದುದನ್ನು ಈ ಭಾಗದವರು ಮರೆಯಲಾರರು. ನೀರು ಇಳಿದ ತರುವಾಯ ಮನೆಮನೆಯ ಮುಂದೆ ಹಾಸಿಗೆ, ಕಪಾಟು, ಕಾಳಿನ ಚೀಲಗಳ ಜೊತೆಗೆ ಕೆಸರು ಮೆತ್ತಿದ ಪುಸ್ತಕಗಳ ಗುಡ್ಡೆಗಳೂ ಬಿದ್ದಿದ್ದವು. ಅನ್ನಕ್ಕೆ, ಆಸರೆಗೆ ಪರದಾಡುವ ಜನರಿಗೆ ಪುಸ್ತಕದ ಮಾತು ಹೇಳುವದು ಆಗ ಕ್ರೌರ್ಯವೇ ಆಗುತ್ತಿತ್ತು, ನಾನೂ ಹೇಳಲಿಲ್ಲ. ಆದರೆ ಕಣ್ಣಿಗೆ ಕಂಡುದನ್ನು ಮರೆಯಲೂ ಆಗಲಿಲ್ಲ. ನೆನೆದ ಪುಸ್ತಕಕ್ಕೆ ಎರಡು ಮೂರು ದಿನಗಳಲ್ಲಿಯೇ ಬೂಷ್ಟು ಹಿಡಿಯುವದು. ಅಷ್ಟರೊಳಗೆ ನೆರಳಲ್ಲಿ, ಗಾಳಿಯಲ್ಲಿ, ಪುಟಗಳ ನಡುವೆ ನೀರು ಹೀರುವ ಕಾಗದವನ್ನಿಟ್ಟು ಆರಿಸಿದರೆ ಬಹಳಷ್ಟು ಉಳಿಯಬಲ್ಲವು. ಕಡುಬಿಸಿಲಿಗೆ ಒಡ್ಡಿದರೆ ಸೊಟ್ಟಗಾಗಿ ಸೆಟೆಯುವವು. ಇಷ್ಟು ಸಣ್ಣ ತಿಳಿವಳಿಕೆಯಿಲ್ಲದೆ ಎಷ್ಟು ಮನೆತನಗಳ ಎಷ್ಟು ತಲೆಮಾರಿನ ಓದು ಮಣ್ಣಾಯಿತೋ! ಓಲೆಗರಿಯ ಕಾಲದ ಲಿಪಿಕಾರರು ಗ್ರಂಥದ ಕಡೆಯಲ್ಲಿ, ಎಣ್ಣೆ, ನೀರು, ಸಡಿಲವಾದ ಕಟ್ಟು, ಮೂರ್ಖರ ಕೈ—ಇವುಗಳಿಂದ ಈ ಪುಸ್ತಕವನ್ನು ಕಾಪಾಡಿರೆಂದು ಓದುಗರನ್ನು ಬೇಡಿಕೊಳ್ಳುತ್ತಿದ್ದರು. ಭಜಿಯಂಗಡಿ, ಮಹಾಪೂರ, ತಕ್ಕಡಿ ಇವುಗಳನ್ನು ಕಂಡಾಗ ಆ ಬೇಡಿಕೆಯು ಎಷ್ಟು ದೂರದೃಷ್ಟಿಯುಳ್ಳದ್ದೆಂಬುದು ತಿಳಿಯುವದು.

ಕೆಲವರು ಆಕ್ಷೇಪಿಸಬಹುದು: "ಈಗ ಹಳೆಯ ಗ್ರಂಥಗಳೆಲ್ಲ ಛಾಯಾಪ್ರತಿಯಾಗಿ ಮೊಬೈಲಿನಲ್ಲಿಯೇ ಸಿಗುವವು. ಧೂಳು ಕುಡಿಯುವದೇಕೆ?" ಸಹಸ್ರಾರು ಕನ್ನಡ ಪುಸ್ತಕಗಳು ಹಾಗೆ ದೊರೆಯುವದು ನಿಜ, ಅದು ಮಹದುಪಕಾರವು. ಆದರೆ ಛಾಯೆಯನ್ನು ತೆಗೆಯಲು ಮೊದಲು ಕಾಯವು ಬೇಕಷ್ಟೆ? ಅಚ್ಚಾದ ಪುಸ್ತಕದ ಪ್ರತಿಗಳನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ ಕಾಯದೆಯು ಬಂದುದು 1954ರಲ್ಲಿ. ಸಣ್ಣ ಊರಿನ ಸಣ್ಣ ಮುದ್ರಣಾಲಯಗಳಲ್ಲಿ ಅಚ್ಚಾದ ಆಟದ ಪುಸ್ತಕ, ಜಾತ್ರೆಯ ಪದ, ಶಾಲೆಯ ವಾರ್ಷಿಕ ಸಂಚಿಕೆಗಳಿಗೆ ಮನೆಯ ಟ್ರಂಕೇ ಗ್ರಂಥಾಲಯವು. ಇಂಥವು ಯಾವ ಯಂತ್ರದೊಳಗೂ ಇಲ್ಲ. ವಚನ ವಾಙ್ಮಯವು ಇಂದು ಜಗತ್ತಿನ ಭಾಷೆಗಳಿಗೆ ಅನುವಾದವಾಗುತ್ತಿದ್ದರೆ, ಅದಕ್ಕೆ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಯ ಕಟ್ಟುಗಳನ್ನು ಹುಡುಕಿದ್ದೇ ಮೂಲವು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಮುದ್ರಿತವಾಯಿತು, ಸ್ವಂತ ಮನೆಯನ್ನು ಮಾರಿ ಅವರು ಮುದ್ರಣಾಲಯವನ್ನು ನಡೆಸಿದರು. ನಾವು ಮನೆ ಮಾರಬೇಕಾದುದಿಲ್ಲ. ಮನೆ ಮಾರುವಾಗ ಪುಸ್ತಕವನ್ನು ತೂಗಿ ಹಾಕದಿದ್ದರೆ ಸಾಕು.

ಆದುದರಿಂದ ಈ ಮೂರು ಊರುಗಳ ನಾಗರಿಕರಲ್ಲಿಯೂ ಅಧಿಕಾರಿಗಳಲ್ಲಿಯೂ ಮೂರು ಬಿನ್ನಹಗಳಿವೆ. ಮೊದಲನೆಯದು ಗೃಹಸ್ಥರಿಗೆ. ಹಿರಿಯರ ಕಪಾಟನ್ನು ಬರಿದು ಮಾಡುವ ಮುಂಚೆ ಬಲ್ಲವರೊಬ್ಬರನ್ನು, ಊರಿನ ಕನ್ನಡ ಮಾಸ್ತರರನ್ನಾದರೂ, ಕರೆದು ಒಂದು ತಾಸು ತೋರಿಸಿರಿ. ಎರಡನೆಯದು ಗ್ರಂಥಾಲಯದ ಅಧಿಕಾರಿಗಳಿಗೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯದೆಯಂತೆ ಜನರು ತಮ್ಮ ಮನೆಯ ಕರದ ಜೊತೆಗೆ ಗ್ರಂಥಾಲಯದ ಕರವನ್ನೂ ಕೊಡುತ್ತಿರುವರು. ಅದರ ಪ್ರತಿಯಾಗಿ ಪ್ರತಿ ತಾಲೂಕಿನ ಗ್ರಂಥಾಲಯದಲ್ಲಿ ಸ್ಥಳೀಯ ಗ್ರಂಥಗಳಿಗೆಂದು ಒಂದು ಕಪಾಟನ್ನಿರಿಸಿ, ದಾನವಾಗಿ ಬಂದುದನ್ನು ಪಟ್ಟಿ ಮಾಡಿ, ನದಿಯ ನೀರು ತಲುಪದ ಎತ್ತರದಲ್ಲಿ ಕಾಯ್ದಿಡುವದು ದೊಡ್ಡ ಕೆಲಸವಲ್ಲ. ಮೂರನೆಯದು ಪುರಸಭೆಗಳಿಗೆ. ಸಂತೆಯಲ್ಲಿ ಹಳೆಯ ಪುಸ್ತಕ ಮಾರುವವನಿಗೆ ಮಳೆ ಬಿಸಿಲು ತಾಗದ ನಾಲ್ಕು ಮೊಳ ಜಾಗವನ್ನು ಕೊಡಿರಿ, ಅವನಿಂದ ಸಂತೆಯ ಕರವನ್ನು ಬಿಡಿರಿ. ಇದರಿಂದ ಪುರಸಭೆಯ ಬೊಕ್ಕಸವು ಬಡವಾಗಲಾರದು.

ನನ್ನಂಥ ಬೇಟೆಗಾರರಿಗೂ ಒಂದು ಮಾತು. ಕೊಂಡುದನ್ನು ಕಪಾಟಿನಲ್ಲಿ ಕೂಡಿ ಹಾಕಿ ಬೀಗ ಹಾಕಿದರೆ ನಮಗೂ ಗೆದ್ದಲಿಗೂ ಭೇದವಿಲ್ಲ. ಆ ‘ಜಯಂತಿ’ಯ ಕಟ್ಟನ್ನು ನಾನು ಈಗ ಓದಲು ಕೊಡತೊಡಗಿರುವೆನು. ಮಾಸ್ತರರ ಪಟ್ಟಿಯ ಕೆಳಗೆ ಇನ್ನೂ ಸ್ಥಳವಿತ್ತು. ಅಲ್ಲಿಯೇ ಒಯ್ದವರ ಹೆಸರನ್ನು ಬರೆಯುತ್ತಿರುವೆನು. ಇದುವರೆಗೆ ಒಯ್ದವರು ಐವರು. ಐವರ ಹೆಸರಿನ ಮುಂದೆಯೂ ‘ಬಂದಿತು’ ಎಂದು ಬರೆಯುವ ಸುಯೋಗವು ನನಗೆ ದೊರೆತಿದೆ.